ಮೊದಲ ಸಾಲಿನ ಮಾಸ್ತರ

ನನ್ನ ಕಂಠದ ಬಗ್ಗೆ ನಾನೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೇರೆ ಯಾರೂ ಹೇಳದೆ ಹೋದರೆ ಪಾಪ, ಕಂಠ ತಾನೇ ಏನು ಮಾಡಬೇಕು? ಹೀಗಾಗಿ ಮಾನ್ವಿಯಲ್ಲಿ ಆ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದೆ. ಸೋಮವಾರದ ಭಜನೆಯಲ್ಲಿ ಮೊದಲ ಸಾಲು ಎತ್ತಿಕೊಡುವವನು ನಾನು, ಮರಿಸ್ವಾಮಿ. ನಾನು ಎತ್ತಿದ ಮೇಲೆಯೇ ಉಳಿದವರು ಬಾಯಿ ತೆರೆಯಬೇಕು. ವಾರದ ಉಳಿದ ದಿನ ಹೊಟ್ಟೆಪಾಡಿಗೆಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಪಾಠ ಹೇಳುತ್ತಿದ್ದೆ. ಈ ಎರಡು ಕೆಲಸಗಳನ್ನು ಬೇರೆ ಬೇರೆ ಇಡುವಷ್ಟು ವಿವೇಕ ನನಗಿದ್ದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ.

ನಾನು ಪಾಠವನ್ನೆಲ್ಲ ಭಜನೆಯ ಧಾಟಿಗೆ ಕೂಡಿಸಿದ್ದೆ. ಇತಿಹಾಸ, ವಿಜ್ಞಾನ, ರೇಖಾಗಣಿತ, ಯಾವುದನ್ನೂ ಬಿಟ್ಟಿರಲಿಲ್ಲ. ಮೊದಲ ಸಾಲು ಪ್ರಶ್ನೆ, ಅದು ನನ್ನದು. ಎರಡನೇ ಸಾಲು ಉತ್ತರ, ಅದು ಮಕ್ಕಳದು. "ವೃತ್ತದ ಸುತ್ತಳತಿ ಏನಂತ ಹೇಳಲಿ" ಎಂದು ನಾನು ಎಳೆದರೆ, "ಎರಡು ಪೈ ಆರ್ ತಂಗಿ, ಎರಡು ಪೈ ಆರ್" ಎಂದು ಇಡೀ ತರಗತಿ ಏಳುತ್ತಿತ್ತು. "ಅಶೋಕನ ಹೆಸರು ಯಾವ ಕಲ್ಲಾಗ ಅದ" ಎಂದರೆ, "ಮಸ್ಕಿಯ ಕಲ್ಲಾಗ ಅದ, ಹರ ಹರ." ಶಾಲೆ ನೋಡಲು ಬಂದ ಅಧಿಕಾರಿಗಳು ತಲೆದೂಗಿ ಹೋಗಿದ್ದರು. ಪ್ರಶ್ನೆಗಳನ್ನು ನಾನೇ ಹಾಡಿ ಬರೆಸಿದ ನಡುವರ್ಷದ ಪರೀಕ್ಷೆಯಲ್ಲಿ ಒಬ್ಬ ಹುಡುಗ "ವೃತ್ತದ ಸುತ್ತಳತೆ ಎರಡು ಪೈ ಆರ್ ತಂಗಿ" ಎಂದೇ ಬರೆದಿದ್ದ. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ. ತಂಗಿ ಸೇರಿದರೆ ವೃತ್ತಕ್ಕೇನು ನಷ್ಟ ಎನ್ನುವುದು ನನ್ನ ವಾದವಾಗಿತ್ತು.

ಎಂಬತ್ತಮೂರರಲ್ಲಿ ರಾಯಚೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನವರು ಸುತ್ತಲಿನ ತಾಲೂಕುಗಳಿಗೆಲ್ಲ ಸುದ್ದಿ ಕಳಿಸಿದರು. ಎಂಟನೇ ತರಗತಿಗೆ ಸೇರಲು ಪರೀಕ್ಷೆ ಇಡುತ್ತಾರಂತೆ, ಪಾಸಾದವರಿಗೆ ಹಾಸ್ಟೆಲಿನಲ್ಲಿ ಊಟ, ವಸತಿ, ಪುಸ್ತಕ ಎಲ್ಲ ಪುಕ್ಕಟೆಯಂತೆ. ನಮ್ಮಲ್ಲಿ ಹುಡುಗಿಯರನ್ನು ತಯಾರು ಮಾಡುವವರು ಯಾರು ಎಂದು ಹೆಡ್‌ಮಾಸ್ತರರು ಕೇಳಿದಾಗ ಉಳಿದ ಮಾಸ್ತರರು ಛಾವಣಿಯ ಕಡೆ ನೋಡಿದರು. ನಾನು ಕೈ ಎತ್ತಿದೆ. ಕರೆಯದ ಕಡೆಗೂ ಕೈ ಎತ್ತುವುದು ನನಗೆ ಹುಟ್ಟಿನಿಂದ ಬಂದದ್ದು.

ಮರುದಿನವೇ ಅಲ್ಲಾಬಕ್ಷ್ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ. ನಮ್ಮ ಭಜನೆಗೆ ತಬಲಾ ಅವನದೇ. ಮಗಳು ವಾಹಿದಾ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಜಾಣೆ. ಅಪ್ಪನಿಂದ ಬಂದ ಕಿವಿ ಅವಳದು, ಎರಡನೇ ಸಾಲನ್ನು ಅವಳಷ್ಟು ಚುರುಕಾಗಿ ಹಿಡಿಯುವವರು ಇರಲಿಲ್ಲ.

"ಸರ್, ಈಕಿಗೆ ಓದೋದಂದ್ರ ಭಾಳ ಹುಚ್ಚು," ಎಂದ ಅಲ್ಲಾಬಕ್ಷ್. "ಇಲ್ಲಿ ಹೈಸ್ಕೂಲಿನ್ಯಾಗ ಗಂಡುಹುಡುಗರ ಜೋಡಿ ಕೂಡಸಾಕ ನಮ್ಮವ್ವ ಒಲ್ಲೆ ಅಂತಾಳ. ದೇವದುರ್ಗದಾಗ ನಮ್ಮಕ್ಕ ಬಿಸ್ಮಿಲ್ಲಾ ಬೀ ಹೊಲಿಗಿ ಮಿಷನ್ ಇಟ್ಟಾಳಲ್ರಿ, ಕಳಿಸಿಬಿಡು, ಕೈಗೆ ಒಂದು ಕಸಬು ಹತ್ತತದ ಅಂತ ಗಂಟು ಬಿದ್ದಾಳ. ರಾಯಚೂರಿನ್ಯಾಗ ಪಾಸಾದ್ಲು ಅಂದ್ರ ಸಾಲಿ. ಇಲ್ಲಾಂದ್ರ ಬ್ಯಾಸಗಿ ಮುಗಿಯೋದ್ರಾಗ ದೇವದುರ್ಗ. ಅವ್ವಗ ಹಿಂಗಂತ ಮಾತು ಕೊಟ್ಟುಬಿಟ್ಟೀನಿ."

"ನಿನಗೇನು ಬೇಕವ್ವ?" ಎಂದು ನಾನು ವಾಹಿದಾಳನ್ನು ಕೇಳಿದೆ.

"ನನಗ ಹೊಲಿಗಿ ಬರಂಗಿಲ್ರಿ ಸರ್," ಎಂದಳು. ಅಪ್ಪನ ಕಡೆ ಒಮ್ಮೆ ನೋಡಿ, "ಕಲಿಯೋ ಮನಸೂ ಇಲ್ರಿ," ಎಂದಳು.

"ಚಿಂತಿ ಬಿಡು ಅಲ್ಲಾಬಕ್ಷ್," ಎಂದೆ ನಾನು. "ಈಕಿನ್ನ ರಾಯಚೂರಿಗೆ ಮುಟ್ಟಸೋದು ನನ್ನ ಜವಾಬ್ದಾರಿ."

ಒಳಗಿನಿಂದ ನನ್ನ ಹೆಂಡತಿ ಗುರುಶಾಂತಮ್ಮ, "ಬಸ್ಸು ಮುಟ್ಟಸ್ತದ್ರಿ, ನೀವು ಕಲಿಸೋದು ನೋಡ್ರಿ," ಎಂದಳು. ಅವಳಿಗೆ ಸಂಗೀತದ ಗಂಧವಿಲ್ಲ.

ಪರೀಕ್ಷೆಗೆ ಕೂಡುವ ಹುಡುಗಿಯರನ್ನು ಬೇಸಿಗೆ ರಜೆಯಲ್ಲೂ ಶಾಲೆಗೆ ಕರೆಸಿಕೊಂಡೆ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಕೂತು ಹಾಡುತ್ತಿದ್ದೆವು. ಎಲ್ಲ ಪಾಠಗಳೂ ಬಾಯಿಗೆ ಬಂದಿದ್ದವು. ಊರಿನವರು ಕಿಟಕಿಯಲ್ಲಿ ಇಣುಕಿ ಕೇಳಿ ಹೋಗುತ್ತಿದ್ದರು. ಒಂದು ದಿನ ಒಬ್ಬ ಮುದುಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಗಳಾರತಿ ಯಾವಾಗ ಎಂದು ಕೇಳಿದಳು. ನಾನು ಅದನ್ನೂ ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿದೆ.

ಇಷ್ಟರಲ್ಲಿ ದೇವಸುಗೂರಿನ ಗುಡಿಯಲ್ಲಿ ಸುತ್ತಲಿನ ಊರುಗಳ ಭಜನೆಯವರು ಸರದಿಯಲ್ಲಿ ಹಾಡುವ ದಿನ ಬಂತು. ನಮಗಿಂತ ಮೊದಲು ಚಂದ್ರಬಂಡದ ಮಂಡಳಿ ಹಾಡಿತು. ಅವರ ಮುಂದಾಳು ಹಾರ್ಮೋನಿಯಂನ ಮೂರನೇ ಕರಿ ಮನೆಯಿಂದ, ಅಂದರೆ ಮೂರನೇ ಕಪ್ಪು ಕೀಲಿಯಿಂದ, ಎತ್ತರದ ಶ್ರುತಿ ಹಿಡಿದಿದ್ದ. ಜನ ಬಹಳ ಮೆಚ್ಚಿದರು. ನನಗೆ ತಡೆಯಲಾಗಲಿಲ್ಲ. ನಾಲ್ಕನೇ ಕರಿ ಮನೆ ಕೊಡು ಎಂದು ನಮ್ಮ ಹಾರ್ಮೋನಿಯಂನವನಿಗೆ ಹೇಳಿದೆ.

"ಸರ್, ಅದು ನಮ್ಮ ಮನಿ ಅಲ್ರಿ, ಭಾಳ ಮ್ಯಾಲ ಆಗ್ತದ," ಎಂದು ಅಲ್ಲಾಬಕ್ಷ್ ಪಿಸುಗುಟ್ಟಿದ.

"ನೀ ತಬಲಾ ಏರಿಸು," ಎಂದೆ.

ಎರಡು ಹಾಡು ಮುಗಿಯುವಷ್ಟರಲ್ಲಿ ನನ್ನ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಚಂದ್ರಬಂಡದ ಮುಂದಾಳು ಎದ್ದು ಬಂದು ನೀರು ಕುಡಿಸಿದ. ಅದಕ್ಕಿಂತ ದೊಡ್ಡ ಅವಮಾನವನ್ನು ನಾನು ಇವತ್ತಿಗೂ ಕಂಡಿಲ್ಲ. ಮಾನ್ವಿಯ ಡಾಕ್ಟರರು ಬ್ಯಾಟರಿ ಹಾಕಿ ಗಂಟಲು ನೋಡಿ, ಪರೀಕ್ಷೆಯ ದಿನದವರೆಗೆ ಒಂದು ಮಾತೂ ಆಡಕೂಡದು, ಆಡಿದರೆ ಇರುವುದೂ ಹೋಗುತ್ತದೆ ಎಂದರು. ಗುರುಶಾಂತಮ್ಮ ಅವರಿಗೆ ನಮಸ್ಕಾರ ಮಾಡಿದ ರೀತಿ ನೋಡಿದರೆ, ಫೀಸಿನ ಮೇಲೆ ಒಂದು ತೆಂಗಿನಕಾಯಿಯನ್ನೂ ಕೊಡುವ ಹಾಗಿದ್ದಳು.

ಹಾಡುವುದು ನಿಂತಿತು. ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆದು, ಉತ್ತರ ಬರೆಯಿರಿ ಎಂದು ಕೈ ಮಾಡಿದೆ. ಹುಡುಗಿಯರು ಬೋರ್ಡನ್ನು ಓದಿದರು. ಆಮೇಲೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತ ಕುಳಿತರು. ಅಶೋಕನ ಹೆಸರಿರುವ ಶಾಸನ ಎಲ್ಲಿದೆ ಎಂದು ಸ್ಪಷ್ಟವಾಗಿ ಬರೆದಿದ್ದೇನೆ, ಮಸ್ಕಿ ನಮ್ಮ ಜಿಲ್ಲೆಯಲ್ಲೇ ಇದೆ, ಒಬ್ಬಳಿಗಾದರೂ ಹೊಳೆಯಲಿಲ್ಲ. ನಾನು ಮೊದಲ ಸಾಲು ಎತ್ತದೆ ಅವರಿಗೆ ಎರಡನೇ ಸಾಲು ಬರುವುದೇ ಇಲ್ಲ ಎಂದು ಆಗ ನನಗೆ ತಿಳಿಯಿತು. ವರ್ಷವಿಡೀ ನಾನು ಅವರಿಗೆ ಪಾಠ ಕಲಿಸಿರಲಿಲ್ಲ, ನನ್ನ ಹಿಂದೆ ಹಾಡುವುದನ್ನು ಕಲಿಸಿದ್ದೆ. ರಾಯಚೂರಿನ ಪರೀಕ್ಷೆಯಲ್ಲಿ ಅವರ ಮುಂದೆ ನಾನಿರುವುದಿಲ್ಲ, ಪ್ರಶ್ನೆಪತ್ರಿಕೆ ಮಾತ್ರ ಇರುತ್ತದೆ.

ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ವಾಹಿದಾ. ಅವಳ ಕಿವಿ ಅಷ್ಟು ಚುರುಕಾಗಿದ್ದರಿಂದ ಅವಳು ಪುಸ್ತಕ ತೆರೆದದ್ದೇ ಕಡಿಮೆ. ಮೊದಲ ದಿನ ಅವಳು ಒಂದಕ್ಷರ ಬರೆಯದೆ ಪೆನ್ನು ಹಿಡಿದು ಕುಳಿತಿದ್ದಳು. ಹೋಗುವಾಗ ನನ್ನ ಮೇಜಿನ ಹತ್ತಿರ ನಿಂತು, "ಸರ್, ಒಂದು ಸಲ ಸಣ್ಣಗ ಅನ್ರಿ," ಎಂದಳು. ನಾನು ಗಂಟಲು ತೋರಿಸಿ ತಲೆ ಅಲ್ಲಾಡಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಅವತ್ತು ನನಗೆ ಊಟ ಸೇರಲಿಲ್ಲ.

ಎರಡು ಮೂರು ದಿನ ಹೀಗೇ ಹೋಯಿತು. ಆಮೇಲೆ ಅವಳು ಪುಸ್ತಕ ತೆರೆದು, ತುಟಿಯಲ್ಲೇ ಏನೋ ಗುನುಗಲು ಶುರು ಮಾಡಿದಳು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ತನ್ನ ಮೊದಲ ಸಾಲುಗಳನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು, ಅದೂ ಮನೆಯಲ್ಲಿ ಆಡುವ ದಖ್ಖನಿ ಮಾತಿನಲ್ಲಿ. ರಾಗವೂ ನನ್ನದಲ್ಲ. ಇನ್ನೂ ಕೆಲವು ದಿನ ಕಳೆದ ಮೇಲೆ ಆ ಗುನುಗುವುದೂ ನಿಂತಿತು. ಪ್ರಶ್ನೆ ನೋಡುತ್ತಿದ್ದಳು, ಬರೆಯುತ್ತಿದ್ದಳು. ತರಗತಿಯಲ್ಲಿ ಸಾಲೂ ಇಲ್ಲ, ತಾಳವೂ ಇಲ್ಲ. ಬೇರೆ ಯಾವ ಮಾಸ್ತರನಾದರೂ ಇದನ್ನು ಕಂಡು ಕುಣಿಯುತ್ತಿದ್ದ. ನಾನು ಮಾತ್ರ ಮನೆಗೆ ಹೋಗಿ, ನನ್ನ ಪದ್ಧತಿ ಮುರಿದುಬಿತ್ತು, ಹುಡುಗಿ ಹಾದಿ ತಪ್ಪಿದಳು ಎಂದು ಸ್ಲೇಟಿನ ಮೇಲೆ ಬರೆದು ಗುರುಶಾಂತಮ್ಮನಿಗೆ ತೋರಿಸಿದೆ. ಅವಳು ಸ್ಲೇಟು ಒರೆಸಿ, ಅದರ ಮೇಲೆ ಕಿರಾಣಿ ಅಂಗಡಿಯಿಂದ ತರಬೇಕಾದದ್ದನ್ನು ಬರೆದುಕೊಟ್ಟಳು.

ಪರೀಕ್ಷೆಯ ದಿನ ಬೆಳಿಗ್ಗೆ ಎದ್ದು ಕೆಮ್ಮಿದಾಗ ಗಂಟಲು ತಿಳಿಯಾಗಿತ್ತು. ಮೆಲ್ಲಗೆ ಒಂದು ಸ್ವರ ಹಿಡಿದೆ. ನಿಂತಿತು. ದೇವರು ಸಮಯಕ್ಕೆ ಸರಿಯಾಗಿ ಕಣ್ಣು ಬಿಟ್ಟ ಎಂದುಕೊಂಡೆ. ಆ ದೇವರು ಇನ್ನೊಂದು ದಿನ ಮಲಗಿದ್ದರೂ ನಡೆಯುತ್ತಿತ್ತು.

ಹುಡುಗಿಯರನ್ನು ಕೆಂಪು ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದೆವು, ನಾನು ಮತ್ತು ಅಲ್ಲಾಬಕ್ಷ್. ಶಾಲೆಯ ಗೇಟಿನಲ್ಲಿ ಹುಡುಗಿಯರನ್ನು ಒಳಗೆ ಬಿಟ್ಟು ನಮ್ಮನ್ನು ಹೊರಗೆ ನಿಲ್ಲಿಸಿದರು. ಎದುರಿಗೆ ಬೇವಿನ ಗಿಡ, ಅದರ ಬುಡದಲ್ಲಿ ಒಂದು ಚಹಾದ ಅಂಗಡಿ. ಬೆಂಚಿನ ಮೇಲೆ ಕುಳಿತರೆ ಪರೀಕ್ಷೆಯ ಕೋಣೆಯ ಕಿಟಕಿಗಳು ನೇರ ಕಾಣುತ್ತಿದ್ದವು. ಗಂಟೆ ಹೊಡೆಯಿತು. ಅಲ್ಲಾಬಕ್ಷ್ ಕೈ ಹಿಸುಕಿಕೊಳ್ಳತೊಡಗಿದ.

"ಸರ್, ಮೊದಲಿನ ಸಾಲು ಸಿಗಲಿಲ್ಲಾಂದ್ರ ಏನು ಮಾಡ್ತಾವ್ರಿ ಪಾಪ ಅವು?" ಎಂದ. "ಅಕ್ಕ ನಿನ್ನೇನ ಹೇಳಿ ಕಳಿಸ್ಯಾಳ, ಮಿಷನ್ ಪಕ್ಕ ಈಕಿಗೆ ಒಂದು ಸ್ಟೂಲ್ ತಂದಿಟ್ಟೀನಿ ಅಂತ."

ಆ ಸ್ಟೂಲಿನ ಮಾತು ಕೇಳಿ ನಾನು ಚಹಾದ ಲೋಟ ಕೆಳಗಿಟ್ಟೆ. ನಾನು ಮಾತು ಕೊಟ್ಟಿದ್ದೆ. ಗಂಟಲು ಇದೆ, ಕಿಟಕಿಗಳು ತೆರೆದಿವೆ, ನಡುವೆ ಒಂದು ರಸ್ತೆ ಮಾತ್ರ. ಇದು ಕಾಪಿ ಹೊಡೆಸಿದಂತಾಗುತ್ತದೆಯೇ ಎಂದು ಒಂದು ಗಳಿಗೆ ಯೋಚಿಸಿದೆ. ಉತ್ತರ ಹೇಳಿದರಲ್ಲವೇ ಕಾಪಿ? ನಾನು ಹಾಡುವುದು ಬರೀ ಪ್ರಶ್ನೆ, ಪ್ರಶ್ನೆಯನ್ನು ಅವರೇ ಅಚ್ಚು ಹಾಕಿಸಿ ಮಕ್ಕಳ ಕೈಗೆ ಕೊಟ್ಟಿದ್ದಾರೆ. ವಕೀಲನಾಗಬೇಕಿದ್ದವನು ನಾನು, ತಪ್ಪಿ ಮಾಸ್ತರನಾದೆ.

"ವೃತ್ತದ ಸುತ್ತಳತಿ ಏನಂತ ಹೇಳಲಿ" ಎಂದು ಎತ್ತಿಬಿಟ್ಟೆ.

ಅಲ್ಲಾಬಕ್ಷನ ಮುಖ ಅರಳಿತು. ಚಹಾದವನ ಖಾಲಿ ಬಿಸ್ಕೀಟು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ತಾಳ ಹಾಕತೊಡಗಿದ. ಯಾವ ಪ್ರಶ್ನೆ ಬಂದಿದೆಯೋ ನನಗೇನು ಗೊತ್ತು? ಆದ್ದರಿಂದ ಇಡೀ ವರ್ಷದ ಮೊದಲ ಸಾಲುಗಳನ್ನು ಒಂದೊಂದಾಗಿ ಹಾಡಿದೆ. ಅಶೋಕನಿಂದ ಸಾರಜನಕಕ್ಕೆ, ಸಾರಜನಕದಿಂದ ತುಂಗಭದ್ರೆಗೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಇಳಿಸಿ, "ಎಲ್ಲಿ ಅಯ್ನೋರ್ರಿ ನೀವು? ಪದ ಭಾಳ ಹೊಸಾವು ಅದಾವು," ಎಂದು ನನ್ನ ಟವೆಲಿನಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ಕೈಮುಗಿದು ಹೋದಳು. ಹಾಡು ನಿಲ್ಲಿಸಿ, ನಾನು ಭಿಕ್ಷೆಗೆ ಬಂದ ಅಯ್ಯನಲ್ಲ, ಮಾಸ್ತರ ಎಂದು ಹೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಪರೀಕ್ಷೆಯ ಕೋಣೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮೇ ತಿಂಗಳ ಬಿಸಿಲು, ಝಳಕ್ಕೆ ಮುಚ್ಚಿರಬೇಕು ಎಂದುಕೊಂಡು ನಾನು ಶ್ರುತಿ ಏರಿಸಿದೆ. ಕೊನೆಗೆ ವಾಚ್‌ಮನ್ ಕೋಲು ಹಿಡಿದು ರಸ್ತೆ ದಾಟಿ ಬಂದು, "ಏಳ್ರಿ, ಮುಂದಿನ ಓಣಿಗೆ ನಡೀರಿ," ಎಂದ. ನಾವು ಎದ್ದು ಗಿಡದ ಹಿಂದೆ ಹೋಗಿ ನಿಂತೆವು.

ಪರೀಕ್ಷೆ ಮುಗಿದ ಮೇಲೆ ಹುಡುಗಿಯರು ಹೊರಗೆ ಬಂದರು. "ಸರ್, ಸುರುವಿಗೆ ನಿಮ್ಮ ದನಿ ಕೇಳ್ತು. ಅದು ಎಷ್ಟನೇ ಪ್ರಶ್ನಿದು ಅಂತ ಹುಡುಕೋದ್ರಾಗ ಕಿಡಕಿ ಮುಚ್ಚಿದ್ವು," ಎಂದಳು ಒಬ್ಬಳು. ವಾಹಿದಾ ನನ್ನ ಕಡೆ ನೋಡದೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಹೇಗೆ ಬರೆದೆ ಎಂದು ಕೇಳಿದರೆ "ಬರದೀನ್ರಿ" ಎಂದಷ್ಟೇ ಹೇಳಿದಳು. ದಣಿದಿದ್ದಾಳೆ ಎಂದುಕೊಂಡೆ.

ಫಲಿತಾಂಶ ಬಂದಾಗ ಮಾನ್ವಿಯಿಂದ ಪಾಸಾದವಳು ವಾಹಿದಾ ಒಬ್ಬಳೇ. ಅಲ್ಲಾಬಕ್ಷ್ ಅಂಗಡಿ ಮುಚ್ಚಿ ಓಡಿ ಬಂದು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ. "ನಿಮ್ಮ ದನಿ ಸರ್, ನಿಮ್ಮ ದನಿ ಈಕಿನ್ನ ದಾಟಿಸ್ತು," ಎಂದ. ಹೌದೆಂದು ನಾನೂ ಒಪ್ಪಿಕೊಂಡೆ. ಅಷ್ಟೇ ಅಲ್ಲ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಳಿತು ಕೇಳಿದವರಿಗೂ ಕೇಳದವರಿಗೂ ಬೇವಿನ ಗಿಡದ ಕಥೆ ಹೇಳಿದೆ. ಹೇಳಿದಷ್ಟೂ ರಸ್ತೆ ಅಗಲವಾಗುತ್ತಿತ್ತು, ದನಿ ಅದನ್ನು ದಾಟುತ್ತಿತ್ತು.

ಗುರುಶಾಂತಮ್ಮ ಮಾತ್ರ, "ಉಳಿದ ಹುಡುಗ್ಯಾರೇನು ಕಿವುಡರೇನ್ರಿ?" ಎಂದು ಕೇಳಿದಳು. ನಾನು ಟವೆಲು ಹೆಗಲಿಗೆ ಹಾಕಿಕೊಂಡು ಹೋಟೆಲಿಗೆ ಹೊರಟೆ.

ಜೂನ್ ಮೊದಲ ವಾರ ವಾಹಿದಾಳನ್ನು ಹಾಸ್ಟೆಲಿಗೆ ಬಿಡಲು ಅಪ್ಪ ಮಗಳ ಜೊತೆ ನಾನೂ ಹೋದೆ. ಹೋಗಲೇಬೇಕಾಗಿರಲಿಲ್ಲ. ರಾಯಚೂರಿನಲ್ಲಿ ಯಾರಾದರೂ ನನ್ನನ್ನು ಹೊಗಳಬಹುದು ಎಂಬ ಆಸೆ ಇತ್ತು. ಅಲ್ಲಾಬಕ್ಷ್ ಟಾಂಗಾದಿಂದ ಹಾಸಿಗೆ, ಟ್ರಂಕು ಇಳಿಸುತ್ತಿದ್ದ. ನಾನು ಮತ್ತು ವಾಹಿದಾ ಹೆಡ್‌ಮಿಸ್ಟ್ರೆಸ್ ವೀರಭದ್ರಮ್ಮನವರ ಮುಂದೆ ವರಾಂಡದಲ್ಲಿ ನಿಂತಿದ್ದೆವು. ಗಂಜಿ ಹಾಕಿದ ಸೀರೆ, ಮುಖದಲ್ಲಿ ಬೇಗ ನಗದ ಗಾಂಭೀರ್ಯ.

"ಮಾನ್ವಿ ಮಾಸ್ತರೇನ್ರಿ ನೀವು?" ಎಂದರು. "ನಿಮ್ಮ ಹುಡುಗಿ ಭಾಳ ಗಟ್ಟಿ ಇದ್ದಾಳ. ಪರೀಕ್ಷಾ ದಿವಸ ಆ ಬೇವಿನ ಗಿಡದ ಬುಡಕ ಯಾರೋ ಇಬ್ಬರು ಕುಂತು ಹಾಡಾಕತ್ತಿದ್ರು. ಮೊದಲ ಭಿಕ್ಷಾದವರು ಅಂದುಕೊಂಡ್ವಿ. ಲಕ್ಷ್ಯಗೊಟ್ಟು ಕೇಳಿದ್ರ ವೃತ್ತ ಅಂತಾರ, ಅಶೋಕ ಅಂತಾರ. ಯಾವುದೋ ಊರಿನವರು ತಮ್ಮ ಮಕ್ಕಳಿಗೆ ಹೊರಗಿನಿಂದ ಏನೋ ಸೂಚನಾ ಕೊಡಾಕತ್ಯಾರ ಅಂತ ನನಗ ಸಂಶೆ ಬಂತು. ಅಷ್ಟರಾಗ ಈಕಿ ಎದ್ದು ನಿಂತು, ಟೀಚರ್, ಕಿಡಕಿ ಮುಚ್ಚಲೇನ್ರಿ, ಆ ಗದ್ದಲದಾಗ ಬರ್ಯಾಕ ಆಗವಲ್ದು ಅಂದ್ಲು. ಅವರ ಗುರುತು ಅದ ಏನವ್ವ ನಿನಗ ಅಂತ ಕೇಳಿದೆ. ಇಲ್ರಿ, ಯಾರೋ ಏನೋ ಅಂದ್ಲು. ತಾನ ಹೋಗಿ ಎಲ್ಲಾ ಕಿಡಕಿ ಮುಚ್ಚಿ ಬಂದು ಕುಂತ್ಲು."

"ಗುರುತು ಹತ್ತಿದ್ರ ಏನು ಮಾಡ್ತಿದ್ರಿ?" ಎಂದೆ.

"ಮಾಡೋದೇನು? ಆ ಊರಿನ ಹುಡುಗ್ಯಾರ ಪೇಪರ್ ಎಲ್ಲಾ ತಗದು ಒಗಿತಿದ್ವಿ."

ವಾಹಿದಾ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಅಲ್ಲಾಬಕ್ಷ್ ಟ್ರಂಕನ್ನು ಮೆಟ್ಟಿಲ ಹತ್ತಿರ ಇಟ್ಟು ಬೆವರು ಒರೆಸಿಕೊಳ್ಳುತ್ತ ಬಂದ. ಹಾಡು, ಬೇವಿನ ಗಿಡ ಎಂಬಷ್ಟು ಅವನ ಕಿವಿಗೆ ಬಿದ್ದಿತ್ತು. ಮುಖ ತುಂಬ ನಗು. "ಹಾಡಂದ್ರ ಹಾಡು ಮೇಡಮ್ಮೋರ, ಅವತ್ತು ಆ ಗಿಡದ ಬುಡಕ," ಎಂದು ಶುರು ಮಾಡಿದ.

"ಅಬ್ಬಾ, ಪೆಟ್ಟಿ ಉಠಾವ್," ಎಂದಳು ವಾಹಿದಾ. ದನಿ ಏರಿಸಲಿಲ್ಲ. ಆದರೆ ಅಲ್ಲಾಬಕ್ಷ್ ಬಾಯಿ ಮುಚ್ಚಿ ಟ್ರಂಕು ಎತ್ತಿ ತಲೆಯ ಮೇಲೆ ಇಟ್ಟುಕೊಂಡ.

ವೀರಭದ್ರಮ್ಮನವರು ನನ್ನ ಕಡೆ ತಿರುಗಿದರು. "ಅವತ್ತು ನೀವೂ ಹೊರಗ ಇದ್ರಲ್ಲ ಮಾಸ್ತರ್ರ, ಅವರನ್ನ ನೋಡಿದ್ರೇನು?"

ಊರೆಲ್ಲ ಹೇಳಿಕೊಂಡು ತಿರುಗಿದ್ದ ಮಾತು ಗಂಟಲಿನವರೆಗೆ ಬಂದಿತ್ತು. ಟ್ರಂಕಿನ ಕೆಳಗಿನಿಂದ ಅಲ್ಲಾಬಕ್ಷ್ ನನ್ನನ್ನೇ ನೋಡುತ್ತಿದ್ದ.

"ನೋಡಿದೆ ರೀ," ಎಂದೆ. "ಯಾರೋ ತಲಿ ಕೆಟ್ಟವರು."

"ತಲಿ ಕೆಟ್ಟಿರಬಹುದು. ದನಿ ಮಾತ್ರ ಭಾಳ ಛಲೋ ಇತ್ತು ನೋಡ್ರಿ," ಎಂದು ಅವರು ಒಳಗೆ ಹೋದರು.

ಜೀವಮಾನದಲ್ಲಿ ಮೊದಲ ಸಲ ತಿಳಿದವರೊಬ್ಬರು ನನ್ನ ದನಿಯನ್ನು ಹೊಗಳಿದರು, ಅದು ನನ್ನದೆಂದು ಹೇಳುವ ಹಾಗಿರಲಿಲ್ಲ. ಆದರೆ ಆಗ ಅದಕ್ಕೆ ಸಂಕಟಪಡುವಷ್ಟೂ ಜಾಗ ಮನಸ್ಸಿನಲ್ಲಿ ಉಳಿದಿರಲಿಲ್ಲ. ಈ ಹುಡುಗಿಯನ್ನು ದೇವದುರ್ಗದ ಸ್ಟೂಲಿನ ಮೇಲೆ ಕೂಡಿಸಲು ಮಿಷನ್ನಿನ ಅತ್ತೆಗಿಂತ ಹೆಚ್ಚು ಶ್ರಮಪಟ್ಟವನು ನಾನು. ಅವಳು ನನ್ನ ಗುರುತಿಲ್ಲ ಎಂದು ಹೇಳಿ ತನ್ನ ಸೀಟು ಉಳಿಸಿಕೊಂಡಿದ್ದಳು, ಜೊತೆಗೆ ನನ್ನ ನೌಕರಿಯನ್ನೂ ಉಳಿಸಿದ್ದಳು. ಆಮೇಲೆ ಇಷ್ಟು ದಿನ ನನ್ನ ಬಡಾಯಿಯನ್ನು ಕೇಳಿಕೊಂಡು ಸುಮ್ಮನಿದ್ದಳು. ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ ಅಳು ಬರುವಂಥ ಹೆಮ್ಮೆಯೂ ಆಯಿತು.

ಅಪ್ಪನನ್ನು ಒಳಗೆ ಕಳಿಸಿ ವಾಹಿದಾ ನನ್ನ ಹತ್ತಿರ ಬಂದಳು. "ಸರ್, ಬರೋ ವರ್ಷ ನಮ್ಮ ತಂಗಿ ಅಸ್ಮತ್ ಈ ಪರೀಕ್ಷಾಕ ಕೂಡ್ತಾಳ್ರಿ," ಎಂದಳು.

"ಕೂಡಲವ್ವ, ನಾ ಇದೀನಲ್ಲ," ಎಂದೆ ಅಭ್ಯಾಸಬಲದಿಂದ.

ಅವಳು ಬಹಳ ಮರ್ಯಾದೆಯಿಂದ, "ಆಕಿಗೂ ನನಗ ಕಲಿಸಿದಂಗ ಬೋರ್ಡ್ ಮ್ಯಾಲ ಬರದು ಕಲಸ್ರಿ ಸರ್," ಎಂದು ಹೇಳಿ, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಒಳಗೆ ಹೋದಳು.

ಮಾನ್ವಿಯ ಬಸ್ಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಕಲ್ಲೂರು ದಾಟಿದ ಮೇಲೆ ಅಲ್ಲಾಬಕ್ಷ್ ಹೆದರಿ ನನ್ನ ಹಣೆ ಮುಟ್ಟಿ ನೋಡಿದ.